ಚಾಕೊಲೇಟಿನ ಮನೆಯಲ್ಲಿ ಒಂದು ಹಗಲು

ಕಳೆದ ಬೇಸಿಗೆಯ ರಜೆ ಮುಗಿದು ಶಾಲೆ ಮತ್ತೆ ತೆರೆದ ದಿನ ನಾನು ಏಳನೆಯ ತರಗತಿಯವರಿಗಾಗಿ ಒಂದು ಪೆಟ್ಟಿಗೆ ಚಾಕೊಲೇಟನ್ನು ತಂದಿದ್ದೆನು. ಸ್ವಿಟ್ಜರ್ಲೆಂಡಿನಲ್ಲಿ ಕೊಂಡದ್ದು, ಬೆಲೆಯೂ ಸ್ವಲ್ಪ ಹೆಚ್ಚೇ ಆಗಿತ್ತು. ಮುಚ್ಚಳ ತೆಗೆಯುವವರೆಗೆ ತರಗತಿಯಲ್ಲಿದ್ದ ಉತ್ಸಾಹವು ಅರ್ಧ ನಿಮಿಷದಲ್ಲಿ ತಣ್ಣಗಾಯಿತು. ಕಂದುಬಣ್ಣದ ತುಂಡುಗಳ ಮೇಲೆಲ್ಲ ಬೂದಿ ಎರಚಿದಂತೆ ಬಿಳಿಯ ಮಚ್ಚೆಗಳು! "ಸರ್, ಬೂಷ್ಟು ಹಿಡಿದಿದೆ" ಎಂದು ಮುಂದಿನ ಬೆಂಚಿನಿಂದ ಒಬ್ಬನು ಕೂಗಿದನು. ಹುಡುಗಿಯರು ಮುಖ ಸಿಂಡರಿಸಿದರು. ಹಿಂದಿನ ಬೆಂಚಿನ ಒಬ್ಬ ಮಹಾಶಯನು ಮಾತ್ರ ಈ ಗದ್ದಲದಲ್ಲಿ ಎರಡು ತುಂಡುಗಳನ್ನು ಮೌನವಾಗಿ ತಿಂದು ಮುಗಿಸಿದ್ದನು. ಅವನಿಗೆ ಏನೂ ಆಗಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ಬೂಷ್ಟಲ್ಲ. ಮತ್ತೇನು ಎಂಬುದನ್ನು ಅಂದು ಗಂಟೆ ಬಾರಿಸುವುದರೊಳಗೆ ವಿವರಿಸಲಾಗಲಿಲ್ಲ. ಆ ಬಿಳಿಯ ಮಚ್ಚೆಯ ಕಥೆಯನ್ನು ಹೇಳಬೇಕಾದರೆ ಮೊದಲು ಚಾಕೊಲೇಟಿನ ಕಥೆಯನ್ನು ಹೇಳಬೇಕು. ಅದನ್ನು ಹೇಳಬೇಕಾದರೆ ನಾನು ಅದನ್ನು ಕೊಂಡ ಮನೆಗೆ ನಿಮ್ಮನ್ನು ಕರೆದೊಯ್ಯಬೇಕು. ಆದುದರಿಂದಲೇ ಈ ಲೇಖನ.

ನನ್ನ ಸೋದರಳಿಯನೊಬ್ಬನು ಜೂರಿಕ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನ ಒತ್ತಾಯಕ್ಕೆ ಮಣಿದು ನಾನು ಮೇ ತಿಂಗಳಿನಲ್ಲಿ ಅಲ್ಲಿಗೆ ಹೋಗಿದ್ದೆನು. ಪರ್ವತಗಳನ್ನೂ ಸರೋವರಗಳನ್ನೂ ಕುರಿತು ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಆ ತಂಟೆಗೆ ಹೋಗುವುದಿಲ್ಲ. ಜೂರಿಕ್ ಸರೋವರದ ಪಶ್ಚಿಮದ ದಡದಲ್ಲಿ, ನಗರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಸ್ವಲ್ಪ ಹೊತ್ತು ಹೋದರೆ, ಕಿಲ್ಕ್‌ಬರ್ಗ್ ಎಂಬ ಊರು ಸಿಗುತ್ತದೆ. ಜರ್ಮನ್ ಭಾಷೆಯ ಹಿರಿಯ ಕಾದಂಬರಿಕಾರ ಥಾಮಸ್ ಮಾನ್‌ನ ಸಮಾಧಿ ಇರುವುದು ಆ ಊರಿನಲ್ಲಿಯೇ. ಆದರೆ ರೈಲಿನಿಂದ ನಮ್ಮೊಡನೆ ಇಳಿದ ಮಕ್ಕಳು ಅವನ ಸಮಾಧಿಯನ್ನು ನೋಡಲು ಬಂದವರಾಗಿರಲಿಲ್ಲ. 1899ರಿಂದ ಅಲ್ಲಿ ಲಿಂಟ್ ಮತ್ತು ಸ್ಪ್ರೂಂಗ್ಲಿ ಎಂಬ ಚಾಕೊಲೇಟು ಕಾರ್ಖಾನೆಯಿದೆ. ಅದರ ಮಗ್ಗುಲಲ್ಲಿ 2020ರ ಸೆಪ್ಟೆಂಬರಿನಲ್ಲಿ ಚಾಕೊಲೇಟಿನದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಅದರ ಹೆಸರಿನ ಅರ್ಥ 'ಚಾಕೊಲೇಟಿನ ಮನೆ' ಎಂದೇ.

ಒಳಗೆ ಕಾಲಿಟ್ಟೊಡನೆ ಮೂಗಿಗೆ ಪರಿಮಳ ಬಡಿಯುತ್ತದೆ; ಅನಂತರ ಕಣ್ಣಿಗೆ ಕಾರಂಜಿ ಬೀಳುತ್ತದೆ. ಒಂಬತ್ತು ಮೀಟರಿಗೂ ಹೆಚ್ಚು ಎತ್ತರ! ನಮ್ಮ ಶಾಲೆಯ ಕಟ್ಟಡದಲ್ಲಿ ನಿಲ್ಲಿಸಿದರೆ ಎರಡು ಅಂತಸ್ತುಗಳನ್ನು ದಾಟುವುದು. ಅಡುಗೆಯವರು ಕಡೆಯುವ ತಂತಿಯ ಕಡೆಗೋಲಿನ ಆಕಾರದ ದೊಡ್ಡದೊಂದು ಸಾಧನ ಮೇಲೆ ತೂಗುತ್ತಿದೆ. ಅದರಿಂದ ಕರಗಿದ ಚಾಕೊಲೇಟು ಕೆಳಗಿರುವ ಬೃಹತ್ ಗುಂಡಿನ ಮೇಲೆ ಸದ್ದಿಲ್ಲದೆ ಸುರಿಯುತ್ತಿದೆ. ಅದು ನಿಜವಾದ ಚಾಕೊಲೇಟೇ. ಆದರೆ ಅದನ್ನು ಮುಟ್ಟುವಂತಿಲ್ಲ, ತಿನ್ನುವಂತಿಲ್ಲ. ಮನೆಯ ಬಾಗಿಲಲ್ಲೇ ಹೀಗೊಂದು ಸಂಯಮದ ಪಾಠವಾಗುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಪ್ರವೇಶದ ಚೀಟಿಯಲ್ಲಿ ಒಳಹೋಗುವ ಗಳಿಗೆಯನ್ನು ನಮೂದಿಸಿರುತ್ತಾರೆ. ಹೊರಬರುವ ಗಳಿಗೆಯನ್ನಲ್ಲ. ಕಿವಿಗೆ ಹಿಡಿದರೆ ಮಾತನಾಡುವ ಒಂದು ಪುಟ್ಟ ಸಾಧನವನ್ನು ಕೈಗೆ ಕೊಡುತ್ತಾರೆ. ಯಾವ ವಸ್ತುವಿನ ಮುಂದೆ ನಿಲ್ಲುವಿರೋ ಅದರ ಕಥೆಯನ್ನು ಅದು ಹೇಳುತ್ತದೆ. ಮುಂದೆ ನಡೆಯಲು ಅವಸರಪಟ್ಟ ನನ್ನನ್ನು ಕಂಡು ಅಳಿಯನು, "ಮಾವ, ಇಲ್ಲಿ ಯಾರೂ ನಮ್ಮನ್ನು ಓಡಿಸುವುದಿಲ್ಲ. ಮನಸ್ಸಿಗೆ ಬಂದಷ್ಟು ಹೊತ್ತು ನಿಲ್ಲಿ" ಎಂದನು. ನನಗೆ ನಾಚಿಕೆಯಾಯಿತು. ಕಾಲಾ ಘೋಡಾದ ವಸ್ತುಸಂಗ್ರಹಾಲಯಕ್ಕೆ ನಿಮ್ಮನ್ನು ಕರೆದುಕೊಂಡು ಹೋದಾಗಲೆಲ್ಲ "ಸಾಲು ಬಿಡಬೇಡಿ, ಮುಂದೆ ಸಾಗಿ" ಎಂದು ಗದರಿಸುತ್ತ ಬಂದವನು ನಾನೇ ಅಲ್ಲವೆ? ಒಬ್ಬನಿಗೆ ವಿಗ್ರಹದ ಮುಂದೆ, ಇನ್ನೊಬ್ಬನಿಗೆ ಕತ್ತಿಯ ಮುಂದೆ ನಿಲ್ಲಬೇಕೆನಿಸುವುದು ಸಹಜ. ಎಲ್ಲರನ್ನೂ ಒಂದೇ ಹೆಜ್ಜೆಯಲ್ಲಿ ನಡೆಸಿದರೆ ಯಾರೂ ಏನನ್ನೂ ನೋಡಿದಂತಾಗುವುದಿಲ್ಲ.

ಕಥೆ ಆರಂಭವಾಗುವುದು ಉಷ್ಣವಲಯದ ತೋಟದಲ್ಲಿ. ಚಾಕೊಲೇಟಿನ ತಾಯಿ ಕೋಕೋ ಮರ. ಭೂಮಧ್ಯರೇಖೆಯ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 20 ಡಿಗ್ರಿಗಳ ಒಳಗೆ, ಬೆಚ್ಚಗಿನ, ತೇವವಿರುವ, ನೆರಳಿರುವ ನೆಲದಲ್ಲಿ ಮಾತ್ರ ಅದು ಚೆನ್ನಾಗಿ ಬೆಳೆಯುತ್ತದೆ. ಹಿಮದ ನಾಡಾದ ಸ್ವಿಟ್ಜರ್ಲೆಂಡಿನ ತೋಟಗಳಲ್ಲಿ ಅದು ಬೆಳೆಯುವಂತಿಲ್ಲ. ಚಾಕೊಲೇಟಿಗಾಗಿ ಲೋಕಪ್ರಸಿದ್ಧವಾದ ದೇಶವು ಅದರ ಮುಖ್ಯ ಪದಾರ್ಥದ ಒಂದೊಂದು ಬೀಜವನ್ನೂ ಹೊರಗಿನಿಂದ ತರಿಸಿಕೊಳ್ಳಬೇಕು! 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ಸನು ಈ ಮರಕ್ಕೆ 'ಥಿಯೋಬ್ರೋಮ' ಎಂದು ಹೆಸರಿಟ್ಟನು; 'ದೇವತೆಗಳ ಆಹಾರ' ಎಂದು ಅದರ ಅರ್ಥ.

ಹೂ ಬಿಡುವುದರಲ್ಲಿಯೂ ಈ ಮರ ವಿಚಿತ್ರವಾದುದು. ನಮ್ಮ ಹಲಸಿನಂತೆ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ನೇರವಾಗಿ ಕಾಯಿ ಅಂಟಿಕೊಂಡಿರುತ್ತದೆ. ಬೆರಳಿನ ಉಗುರಿನಷ್ಟು ಪುಟ್ಟ ಹೂವು. ಅದರೊಳಗೆ ನುಗ್ಗಿ ಪರಾಗವನ್ನು ಸಾಗಿಸಬಲ್ಲದ್ದು ಸೊಳ್ಳೆಗಿಂತಲೂ ಚಿಕ್ಕದಾದ ಒಂದು ನೊಣ. ಬಿಡುವ ಹೂಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಕಾಯಿ ಕಟ್ಟಿದ್ದು ಬಲಿಯಲು ಐದಾರು ತಿಂಗಳು ಬೇಕು. ಒಡೆದರೆ ಒಳಗೆ ಬಿಳಿಯ ತೊಳೆಯಲ್ಲಿ ಹುದುಗಿದ 30–40 ಬೀಜಗಳು.

ಈ ಸಂಗತಿಯನ್ನು ತರಗತಿಯಲ್ಲಿ ಹೇಳುತ್ತಿರುವಾಗ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿಯ ಊರು ಪುತ್ತೂರಿನ ಕಡೆ. "ಸರ್, ಇದು ಕೊಕ್ಕೋ ಅಲ್ಲವಾ? ನಮ್ಮ ಅಜ್ಜಿಯ ಅಡಿಕೆ ತೋಟದಲ್ಲಿ ಇದೆ. ರಜೆಯಲ್ಲಿ ನಾವು ಒಡೆದು ಚೀಪುತ್ತೇವೆ. ಬಿಳಿಯದ್ದು ಸಿಹಿ, ಸ್ವಲ್ಪ ಹುಳಿ. ಬೀಜ ಕಹಿ, ಉಗಿದುಬಿಡುತ್ತೇವೆ" ಎಂದಳು. ಅಳಿಲುಗಳೂ ಹಾಗೆಯೇ ಮಾಡುತ್ತವೆಯಂತೆ. ತಾನು ಉಗಿದ ಬೀಜವೇ ಚಾಕೊಲೇಟು ಎಂಬುದು ಅವಳಿಗೆ ತಿಳಿದಿರಲಿಲ್ಲ. ನನ್ನ ಸ್ಥಿತಿಯಾದರೋ ತದ್ವಿರುದ್ಧ. ಜೂರಿಕ್ಕಿನವರೆಗೆ ಹೋಗಿ ಹತ್ತು ಬಗೆಯ ಚಾಕೊಲೇಟನ್ನು ತಿಂದು ಬಂದಿದ್ದೆನು. ಆ ಬಿಳಿಯ ತೊಳೆಯ ರುಚಿಯನ್ನು ಕಂಡವನಲ್ಲ. ಆ ದಿನ ಪಾಠ ಹೇಳಿದವರು ಯಾರು, ಕೇಳಿದವರು ಯಾರು ಎಂಬುದು ನನಗೆ ಈಗಲೂ ಸ್ಪಷ್ಟವಿಲ್ಲ.

ಅಂದಹಾಗೆ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳು ಕೋಕೋ ಗಿಡಕ್ಕೆ ಒಗ್ಗಿತು. ಪುತ್ತೂರಿನಲ್ಲಿ 1986ರಲ್ಲಿ ಕ್ಯಾಂಪ್ಕೋ ಎಂಬ ಬೆಳೆಗಾರರ ಸಹಕಾರ ಸಂಸ್ಥೆಯ ಚಾಕೊಲೇಟು ಕಾರ್ಖಾನೆ ಆರಂಭವಾಯಿತು. ನಿಮ್ಮಲ್ಲಿ ಎಷ್ಟೋ ಮಂದಿ ಊರಿಗೆ ಹೋಗುವಾಗ ಆ ದಾರಿಯಲ್ಲಿಯೇ ಹಾದುಹೋಗಿದ್ದೀರಿ.

ಹುಡುಗಿ ಹೇಳಿದ್ದು ಸತ್ಯ: ಹಸಿಯ ಬೀಜ ಕಹಿ, ಒಗರು, ಚಾಕೊಲೇಟಿನ ಪರಿಮಳ ಅದರಲ್ಲಿ ಲವಲೇಶವೂ ಇಲ್ಲ. ಹಾಗಾದರೆ ಪರಿಮಳ ಎಲ್ಲಿಂದ ಬಂತು? ನಿಮ್ಮ ತಾಯಂದಿರು ರಾತ್ರಿ ದೋಸೆಯ ಹಿಟ್ಟನ್ನು ರುಬ್ಬಿ ಮುಚ್ಚಿಡುವುದನ್ನು ನೋಡಿದ್ದೀರಿ. ಬೆಳಗಾಗುವಷ್ಟರಲ್ಲಿ ಅದು ಹುದುಗಿ ಉಬ್ಬಿರುತ್ತದೆ. ಅಕ್ಕಿಯಲ್ಲಿಯೂ ಉದ್ದಿನಲ್ಲಿಯೂ ಇರದ ವಾಸನೆ ಅದಕ್ಕೆ ಬಂದಿರುತ್ತದೆ. ಕೋಕೋ ಬೀಜದಲ್ಲಿಯೂ ನಡೆಯುವುದು ಇಂಥದೇ ಕಾರ್ಯ. ತೊಳೆಯ ಸಮೇತ ಬೀಜಗಳನ್ನು ರಾಶಿಹಾಕಿ ಬಾಳೆಯೆಲೆಯನ್ನು ಮುಚ್ಚುತ್ತಾರೆ, ಇಲ್ಲವೆ ಮರದ ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ತೊಳೆಯ ಸಕ್ಕರೆಯನ್ನು ಮೊದಲು ಮದ್ಯಸಾರವಾಗಿ, ಅನಂತರ ಹುಳಿಯಾಗಿ ಮಾರ್ಪಡಿಸುತ್ತವೆ. ರಾಶಿ ಕಾಯುತ್ತದೆ, ಒಳಗೆ ಉಷ್ಣತೆ 45–50 ಡಿಗ್ರಿಗೆ ಏರುತ್ತದೆ. ಬೀಜದೊಳಗಿನ ಮೊಳಕೆ ಸಾಯುತ್ತದೆ. ನೇರಳೆಬಣ್ಣದ ಒಳತಿರುಳು ಕಂದುಬಣ್ಣಕ್ಕೆ ತಿರುಗುತ್ತದೆ. ಮುಂದೆ ಹುರಿದಾಗ ಪರಿಮಳವಾಗಿ ಅರಳುವ ದ್ರವ್ಯಗಳು ಆಗ ಹುಟ್ಟಿಕೊಳ್ಳುತ್ತವೆ. ಇದೆಲ್ಲಕ್ಕೂ ಐದರಿಂದ ಏಳು ದಿನ ಬೇಕು. ಆಮೇಲೆ ಬಿಸಿಲಿನಲ್ಲಿ ಒಣಗಿಸುವುದು. ಕಾರ್ಖಾನೆಯ ಯಂತ್ರಗಳು ಎಷ್ಟೇ ದೊಡ್ಡವಾಗಿರಲಿ, ತೋಟದಲ್ಲಿ ಈ ವಾರ ಕೆಟ್ಟರೆ ಅವುಗಳಿಂದ ಸರಿಪಡಿಸಲು ಸಾಧ್ಯವಿಲ್ಲ. ನೀವು ತಿನ್ನುವ ಚಾಕೊಲೇಟಿನ ರುಚಿಯ ಬಹುಭಾಗ ರೈತನ ಅಂಗಳದಲ್ಲಿಯೇ ನಿರ್ಧಾರವಾಗಿರುತ್ತದೆ.

ಒಂದು ಲೆಕ್ಕವನ್ನೂ ಮಾಡಿ ನೋಡಿ. ಒಣಗಿದ ಬೀಜ ಒಂದೊಂದು ಸುಮಾರು 1 ಗ್ರಾಂ ತೂಗುತ್ತದೆ. ಸಿಪ್ಪೆ ತೆಗೆದಾಗ ಇನ್ನಷ್ಟು ಕಡಿಮೆಯಾಗುತ್ತದೆ. ನೂರು ಗ್ರಾಂ ತೂಕದ, ನೂರಕ್ಕೆ ಎಪ್ಪತ್ತು ಪಾಲು ಕೋಕೋ ಇರುವ ಕಪ್ಪು ಚಾಕೊಲೇಟಿನ ಒಂದು ಹಲಗೆಗೆ ಎರಡು ಮೂರು ಕಾಯಿಗಳ ಬೀಜವೆಲ್ಲ ಬೇಕಾಗುತ್ತದೆ.

ಮುಂದಿನದು ಚರಿತ್ರೆಯ ಕೋಣೆ. ಇಲ್ಲಿ ನಾನು ಬೇಗ ಸಾಗಿದೆನು. ನಿಮ್ಮನ್ನೂ ಬೇಗನೆ ದಾಟಿಸುತ್ತೇನೆ. ಈಕ್ವಡಾರ್ ದೇಶದ ಒಂದು ಪ್ರಾಚೀನ ನೆಲೆಯಲ್ಲಿ ಸುಮಾರು 5,300 ವರ್ಷಗಳ ಹಿಂದೆಯೇ ಜನರು ಕೋಕೋವನ್ನು ಬಳಸುತ್ತಿದ್ದರೆಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಧ್ಯ ಅಮೆರಿಕದ ಮಾಯಾ ಜನಾಂಗದವರು ಅದನ್ನು ಅರೆದು, ನೀರಿನಲ್ಲಿ ಕದಡಿ, ಕೆಲವೊಮ್ಮೆ ಮೆಣಸಿನಕಾಯಿ ಬೆರೆಸಿ, ನೊರೆ ಬರಿಸಿ ಕುಡಿಯುತ್ತಿದ್ದರು. ಸಕ್ಕರೆಯ ಹೆಸರೇ ಇಲ್ಲ! ಆಜ್ಟೆಕ್ ಜನರಲ್ಲಿ ಕೋಕೋ ಬೀಜ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. 1519ರಲ್ಲಿ ಸ್ಪೇನಿನ ಕೊರ್ಟೆಸನು ಮೆಕ್ಸಿಕೋಗೆ ಬಂದಿಳಿದ ಮೇಲೆ ಈ ಪಾನೀಯವು ಯೂರೋಪಿನ ಅರಮನೆಗಳನ್ನು ಸೇರಿತು. ಅಲ್ಲಿ ಸಕ್ಕರೆಯ ಜೊತೆಗೂಡಿತು. ಆ ಸಕ್ಕರೆಯನ್ನು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು. ಈ ಸಿಹಿಯ ಚರಿತ್ರೆಯನ್ನು ಓದುವಾಗ ಅದನ್ನು ಮರೆಯುವಂತಿಲ್ಲ.

ಮುನ್ನೂರು ವರ್ಷ ಯೂರೋಪಿನಲ್ಲಿ ಚಾಕೊಲೇಟೆಂದರೆ ಕುಡಿಯುವ ಪದಾರ್ಥವೇ. ಅದು ತಿನ್ನುವ ಪದಾರ್ಥವಾದದ್ದು ಹೇಗೆಂಬುದು ಸ್ವಾರಸ್ಯವಾದ ಕಥೆ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಅರೆದ ಕೋಕೋವನ್ನು ಒತ್ತಿ ಅದರ ಕೊಬ್ಬನ್ನು ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿದರು. ಉಳಿದ ಹಿಂಡಿ ಕೋಕೋ ಪುಡಿಯಾಯಿತು. ಒತ್ತಿ ತೆಗೆದ ಕೊಬ್ಬನ್ನು, ಅಂದರೆ ಕೋಕೋ ಬೆಣ್ಣೆಯನ್ನು, ಸಕ್ಕರೆಯೊಡನೆ ಅರೆದ ಕೋಕೋಗೆ ಮತ್ತೆ ಸೇರಿಸಿದರೆ ಅಚ್ಚಿನಲ್ಲಿ ಹೊಯ್ಯಬಹುದಾದ ಹೂರಣ ಸಿಗುತ್ತದೆಂದು ಇಂಗ್ಲೆಂಡಿನ ಫ್ರೈ ಕಂಪನಿಯವರು 1847ರಲ್ಲಿ ತೋರಿಸಿಕೊಟ್ಟರು.

ಅದಕ್ಕೆ ಹಾಲು ಬೆರೆಸುವುದು ಸುಲಭವೆಂದು ನಿಮಗೆ ತೋರಬಹುದು. ಸ್ವಿಟ್ಜರ್ಲೆಂಡಿನ ವೆವೇ ಪಟ್ಟಣದ ಡೇನಿಯಲ್ ಪೀಟರನಿಗೂ ಮೊದಲು ಹಾಗೆಯೇ ತೋರಿರಬೇಕು. ಅವನು ಮೊದಲು ಮೇಣದ ಬತ್ತಿ ಮಾಡುತ್ತಿದ್ದವನು; ಚಾಕೊಲೇಟು ತಯಾರಿಸುವ ಮನೆತನದ ಹೆಣ್ಣನ್ನು ಮದುವೆಯಾಗಿ ಆ ಕಸುಬಿಗೆ ಬಂದನು. ಹಾಲಿನಲ್ಲಿ ಬಹುಪಾಲು ನೀರು. ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಎಣ್ಣೆ ನೀರು ಎಂದಾದರೂ ಕೂಡುವುದುಂಟೆ? ನೀರು ಸೋಕಿದ ಚಾಕೊಲೇಟು ಗಂಟುಗಂಟಾಗುತ್ತದೆ, ಬೇಗನೆ ಕೆಡುತ್ತದೆ. ವರ್ಷಗಳ ಪ್ರಯೋಗದ ಮೇಲೆ, ನೀರಿನಂಶವನ್ನು ಇಂಗಿಸಿದ ಹಾಲನ್ನು ಉಪಯೋಗಿಸಿ 1875ರಲ್ಲಿ ಅವನು ಹಾಲಿನ ಚಾಕೊಲೇಟನ್ನು ಸಾಧಿಸಿದನು.

ಆಗಲೂ ಚಾಕೊಲೇಟು ಮರಳು ಮರಳಾಗಿಯೇ ಇತ್ತು. ಅದನ್ನು ಇಂದಿನಂತೆ ನುಣುಪಾಗಿಸಿದವನು ಬರ್ನ್ ನಗರದ ರೊಡೋಲ್ಫ್ ಲಿಂಟ್. 1879ರಲ್ಲಿ ಅವನು ಶಂಖದ ಚಿಪ್ಪಿನ ಆಕಾರದ ಕಲ್ಲಿನ ತೊಟ್ಟಿಯಲ್ಲಿ ಗುಂಡನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ ಚಾಕೊಲೇಟನ್ನು ಬಹಳ ಹೊತ್ತು ಮರ್ದಿಸುವ ಯಂತ್ರವನ್ನು ಬಳಕೆಗೆ ತಂದನು. ವಾರದ ಕೊನೆಯಲ್ಲಿ ಯಂತ್ರವನ್ನು ನಿಲ್ಲಿಸಲು ಮರೆತು ಮನೆಗೆ ಹೋದನೆಂದೂ, ಸೋಮವಾರ ಬಂದು ನೋಡಿದಾಗ ಚಾಕೊಲೇಟು ರೇಷ್ಮೆಯಂತಾಗಿತ್ತೆಂದೂ ಒಂದು ಕಥೆಯನ್ನು ಹೇಳುತ್ತಾರೆ. ಕಥೆ ಸೊಗಸಾಗಿದೆ, ಆದರೆ ಮರೆತು ಹೋಗುವವರೆಲ್ಲ ಸಂಶೋಧಕರಾಗುವುದಿಲ್ಲವೆಂದು ನಿಮ್ಮ ಮನೆಪಾಠದ ವಿಷಯದಲ್ಲಿ ನಾನು ಎಚ್ಚರಿಸಬೇಕಾಗಿದೆ! ಈ ಮರ್ದನದಿಂದ ಎರಡು ಲಾಭಗಳಾದವು: ಹುಳಿವಾಸನೆ ಗಾಳಿಗೆ ಹಾರಿಹೋಯಿತು, ಪ್ರತಿಯೊಂದು ಕಣದ ಮೈಗೂ ಕೋಕೋ ಬೆಣ್ಣೆಯ ಲೇಪವಾಯಿತು. ಇಂದಿನ ಒಳ್ಳೆಯ ಚಾಕೊಲೇಟಿನಲ್ಲಿ ಕಣಗಳನ್ನು ಮಿಲಿಮೀಟರಿನ ಸುಮಾರು ಐವತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಅರೆಯುತ್ತಾರೆ. ಅಷ್ಟು ಚಿಕ್ಕದನ್ನು ನಮ್ಮ ನಾಲಗೆ ಕಣವೆಂದು ಗುರುತಿಸಲಾರದು. 1899ರಲ್ಲಿ ಲಿಂಟನ ಕಾರ್ಖಾನೆಯನ್ನೂ ಅವನ ಗುಟ್ಟನ್ನೂ ಹದಿನೈದು ಲಕ್ಷ ಚಿನ್ನದ ಫ್ರಾಂಕುಗಳಿಗೆ ಕೊಂಡುಕೊಂಡವನು ಸ್ಪ್ರೂಂಗ್ಲಿ.

ಇಷ್ಟನ್ನು ನೋಡಿದ ಮೇಲೆ ಬರುವುದು ನೀವೆಲ್ಲ ಕಾದಿರುವ ಕೋಣೆ.

ಅಲ್ಲಿ ಗೋಡೆಯ ಬದಿಯಲ್ಲಿ ಕರಗಿದ ಚಾಕೊಲೇಟು ಹರಿಯುವ ಮೂರು ಕೊಳವೆಗಳಿವೆ: ಕಪ್ಪು, ಹಾಲಿನದು, ಬಿಳಿಯದು. ಚಮಚ ಹಿಡಿದು ನೀವೇ ತೆಗೆದುಕೊಳ್ಳಬಹುದು. ಮುಂದೆ ಚೌಕದ ಬಿಲ್ಲೆಗಳನ್ನು ಒಂದೊಂದಾಗಿ ಉದುರಿಸುವ ಯಂತ್ರಗಳು. ಅದರಾಚೆ ಒಳಗೆ ಹೂರಣ ತುಂಬಿದ ಬಗೆಬಗೆಯ ಉಂಡೆಗಳು. ಎಷ್ಟು ಬೇಕಾದರೂ ತಿನ್ನಬಹುದು. ಲೆಕ್ಕ ಇಡುವವರಿಲ್ಲ, ಬೇಡವೆನ್ನುವವರಿಲ್ಲ.

ಮದುವೆಯ ಮನೆಯ ಊಟಕ್ಕೆ ಕುಳಿತವನಂತೆ ನಾನು ಮೊದಲು ಬಿಳಿಯದನ್ನು ಎರಡು ಚಮಚ, ಅನಂತರ ಹಾಲಿನದನ್ನು ಮೂರು ಚಮಚ ತಿಂದು, ಕೊನೆಗೆ ಕಪ್ಪಿನ ಬಳಿಗೆ ಹೋದೆನು. ಅದು ಬರಿಯ ಕಹಿಯೆನಿಸಿತು! ಅನಂತರ ಬಾಯಿಗೆ ಹಾಕಿಕೊಂಡ ಏಳೆಂಟು ಬಿಲ್ಲೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಸುತ್ತಲೂ ನೋಡಿದೆನು. ಮಕ್ಕಳೂ ಅಷ್ಟೆ: ಮೊದಲ ಐದು ನಿಮಿಷ ಕೈಬಾಯಿಗಳಿಗೆ ಬಿಡುವಿಲ್ಲ, ಹತ್ತನೆಯ ನಿಮಿಷದಲ್ಲಿ ಮುಖದ ಮೇಲೆ ಒಂದು ಬಗೆಯ ಆಯಾಸ. ಕೋಣೆಗೆ ನಿಜವಾಗಿ ಕಾವಲುಗಾರರೇ ಬೇಕಾಗಿಲ್ಲ.

ಮೂಲೆಯಲ್ಲಿ ಒಬ್ಬ ವೃದ್ಧೆ ನಿಂತಿದ್ದಳು. ಕೈಯಲ್ಲಿ ಒಂದೇ ಬಿಲ್ಲೆ. ಅದನ್ನು ಕಿವಿಯ ಬಳಿ ಹಿಡಿದು ಮುರಿದಳು; ಮೂಸಿ ನೋಡಿದಳು; ಅರ್ಧವನ್ನು ನಾಲಗೆಯ ಮೇಲಿಟ್ಟು ಬಾಯಿ ಮುಚ್ಚಿ ನಿಂತಳು. ಜಗಿಯಲೇ ಇಲ್ಲ. ಇನ್ನರ್ಧವನ್ನು ಬಾಯಿಗಿಡುವ ಮೊದಲು ಒಂದು ಗುಟುಕು ನೀರು. ನಾನು ಅವಳನ್ನು ಮಾತನಾಡಿಸಲಿಲ್ಲ. ಮಾತನಾಡಿಸುವ ಭಾಷೆಯೂ ನನ್ನಲ್ಲಿರಲಿಲ್ಲ. ಅವಳು ಮಾಡಿದಂತೆಯೇ ಮಾಡಲು ನಿಶ್ಚಯಿಸಿ, ಹೊರಗೆ ಹೋಗಿ ನೀರು ಕುಡಿದು, ಅರ್ಧ ಗಂಟೆ ಚರಿತ್ರೆಯ ಕೋಣೆಯಲ್ಲಿ ಕುಳಿತಿದ್ದು ಮತ್ತೆ ಬಂದೆನು. ನಮ್ಮ ಹೆಜ್ಜೆ ನಮ್ಮದೇ ಆಗಿದ್ದರ ಪ್ರಯೋಜನ ಆಗ ತಿಳಿಯಿತು.

ಈ ಸಲ ಮೊದಲು ಕಪ್ಪು. ಮುರಿದಾಗ 'ಟಕ್' ಎಂಬ ಸ್ಪಷ್ಟವಾದ ಸದ್ದು. ನಾಲಗೆಯ ಮೇಲಿಟ್ಟೊಡನೆ ಏನೂ ಇಲ್ಲ. ನಾಲ್ಕೈದು ಕ್ಷಣಗಳಲ್ಲಿ ಅಂಚು ಕರಗತೊಡಗುತ್ತದೆ. ಮೊದಲು ಕಹಿ, ಅದರ ಬೆನ್ನಿಗೇ ಹಣ್ಣಿನಂಥ ತೆಳುವಾದ ಹುಳಿ, ಆಮೇಲೆ ಹುರಿದ ಕಾಫಿಯ ನೆನಪು ತರುವ ವಾಸನೆ, ನುಂಗಿದ ಮೇಲೂ ಬಹಳ ಹೊತ್ತು ಉಳಿಯುವ ಒಗರು. ಒಂದು ಗಂಟೆಯ ಹಿಂದೆ ಬರಿಯ ಕಹಿಯೆನಿಸಿದ್ದು ಇದೇ! ಸಿಹಿಯನ್ನು ಮೊದಲು ತಿಂದ ನಾಲಗೆಗೆ ಮುಂದಿನದೆಲ್ಲ ಕಹಿಯಾಗಿಯೇ ತೋರುತ್ತದೆ. ಜಿಲೇಬಿ ತಿಂದು ಚಹ ಕುಡಿದು ನೋಡಿ. ಅನಂತರ ಹಾಲಿನದು, ಕೊನೆಗೆ ಬಿಳಿಯದು. ಬಿಳಿಯದರಲ್ಲಿ ಕೋಕೋದ ಕಂದು ತಿರುಳು ಇರುವುದಿಲ್ಲ. ಕೋಕೋ ಬೆಣ್ಣೆ, ಹಾಲು, ಸಕ್ಕರೆ ಇಷ್ಟೇ. ಆದುದರಿಂದ ಅದು ಬಿಳುಪು.

ನೀವು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಚೂರು ಚಾಕೊಲೇಟನ್ನು ನಾಲಗೆಯ ಮೇಲಿಡಿ. ಸಿಹಿಯೂ ಸ್ವಲ್ಪ ಕಹಿಯೂ ತಿಳಿಯುವುದೇ ಹೊರತು ಚಾಕೊಲೇಟೆಂದು ಗುರುತಿಸಲಾಗುವುದಿಲ್ಲ. ಈಗ ಮೂಗನ್ನು ಬಿಡಿ. ದೀಪ ಹಚ್ಚಿದಂತೆ ರುಚಿಯೆಲ್ಲ ಒಮ್ಮೆಲೇ ಬೆಳಗುತ್ತದೆ! ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳು. ಉಳಿದುದೆಲ್ಲ ಬಾಯಿಯ ಹಿಂಬಾಗಿಲಿನಿಂದ ಮೂಗಿಗೆ ಏರುವ ಪರಿಮಳ. ಕರಗುವ ಮೊದಲೇ ಜಗಿದು ನುಂಗುವವನಿಗೆ ಆ ಪರಿಮಳ ಏರಲು ಅವಕಾಶವೇ ಇಲ್ಲ. ಅವನು ತಿಂದದ್ದು ಬರಿಯ ಸಕ್ಕರೆ.

ಇನ್ನು ಆ ಬಿಳಿಯ ಮಚ್ಚೆಯ ವಿಚಾರ. ಕೋಕೋ ಬೆಣ್ಣೆಯ ಒಂದು ಗುಣದಲ್ಲಿ ಚಾಕೊಲೇಟಿನ ವೈಭವವೂ ಇದೆ, ಅದರ ದೌರ್ಬಲ್ಯವೂ ಇದೆ. ಅದು ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ನಮ್ಮ ಶರೀರದ ಉಷ್ಣತೆ 37. ಹಾಗಾಗಿ ಕೈಯಲ್ಲಿ ಗಟ್ಟಿಯಾಗಿರುವ ಚಾಕೊಲೇಟು ಬಾಯಿಯಲ್ಲಿ ದ್ರವವಾಗುತ್ತದೆ. ಇಂಥ ಗುಣವುಳ್ಳ ಕೊಬ್ಬುಗಳು ಬಹಳ ಇಲ್ಲ. ಆದರೆ ಕೋಕೋ ಬೆಣ್ಣೆ ಹೆಪ್ಪುಗಟ್ಟುವುದು ಒಂದೇ ರೀತಿಯಲ್ಲಲ್ಲ. ತುಪ್ಪವನ್ನು ನೋಡಿ: ನಿಧಾನವಾಗಿ ಆರಿದರೆ ಹರಳು ಹರಳಾಗುತ್ತದೆ; ಬೇಗನೆ ತಣಿಸಿದರೆ ನುಣ್ಣಗಾಗುತ್ತದೆ. ಹಾಗೆಯೇ ಕೋಕೋ ಬೆಣ್ಣೆಗೆ ಆರು ಬಗೆಯ ಹರಳುಗಳುಂಟು. ಅವುಗಳಲ್ಲಿ ಐದನೆಯ ಬಗೆಯೊಂದೇ ನಮಗೆ ಬೇಕಾದುದು: ಹೊಳಪು, ಟಕ್ಕೆನ್ನುವ ಸದ್ದು, ನಾಲಗೆಯ ಮೇಲೆ ಕರಗುವ ಗುಣ ಎಲ್ಲವೂ ಅದರಿಂದಲೇ. ಅದನ್ನು ಪಡೆಯುವುದಕ್ಕಾಗಿ ಕುಶಲಿಗಳು ಚಾಕೊಲೇಟನ್ನು ಸುಮಾರು 45 ಡಿಗ್ರಿಗೆ ಕಾಯಿಸಿ, 27ರವರೆಗೆ ತಣಿಸಿ, ಮತ್ತೆ 31ಕ್ಕೆ ಬೆಚ್ಚಗೆ ಮಾಡಿ, ಕಲಕುತ್ತಲೇ ಇದ್ದು ಅಚ್ಚಿಗೆ ಹೊಯ್ಯುತ್ತಾರೆ.

ಈ ಶ್ರಮವನ್ನೆಲ್ಲ ನಾನು ಒಂದೇ ಮಧ್ಯಾಹ್ನ ಹಾಳುಮಾಡಿದೆನು. ಪೆಟ್ಟಿಗೆ ಮುಂಬಯಿಗೆ ಬಂದ ದಿನ ಅದನ್ನು ಅಟ್ಟದ ಮೇಲಿಟ್ಟು ಮರೆತುಬಿಟ್ಟೆನು. ಬೇಸಿಗೆಯ ಅಟ್ಟ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಚಾಕೊಲೇಟು ಕರಗಿತು, ರಾತ್ರಿ ತನ್ನಷ್ಟಕ್ಕೆ ಗಟ್ಟಿಯಾಯಿತು. ಐದನೆಯ ಹರಳಿನ ಶಿಸ್ತು ಮುರಿದು, ಕೊಬ್ಬಿನ ಒಂದಂಶ ಮೇಲ್ಮೈಗೆ ಬಂದು ಬೆಳ್ಳಗೆ ಹರಳುಗಟ್ಟಿತು. ಅದೇ ನೀವು ಕಂಡ 'ಬೂಷ್ಟು'. ಬೆರಳಿನಿಂದ ಉಜ್ಜಿದರೆ ಅದು ಜಿಡ್ಡಾಗಿ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಬಗೆಯದು ಕಾಣಿಸುತ್ತದೆ: ಶೀತಪೆಟ್ಟಿಗೆಯಿಂದ ತೆಗೆದ ತಣ್ಣನೆಯ ಚಾಕೊಲೇಟಿನ ಮೇಲೆ ಗಾಳಿಯ ತೇವ ಬೆವರಿನಂತೆ ಕೂತು, ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ಬಿಳಿಯ ಪುಡಿಯನ್ನು ಬಿಡುತ್ತದೆ. ಅದನ್ನು ಉಜ್ಜಿದರೆ ಬೆರಳಿಗೆ ಒರಟಾಗಿ ಹತ್ತುತ್ತದೆ. ಎರಡನ್ನೂ ತಿನ್ನಬಹುದು, ಸೊಗಸು ಮಾತ್ರ ಇಲ್ಲ. ಹಿಂದಿನ ಬೆಂಚಿನ ಮಹಾಶಯನ ಆರೋಗ್ಯದ ರಹಸ್ಯ ಇದೇ.

ಆ ಮನೆಯಲ್ಲಿ ನಾನು ನಾಲ್ಕು ಗಂಟೆ ಇದ್ದೆನು. ಹೊರಗೆ ಬಂದು ಸರೋವರದ ದಂಡೆಯಲ್ಲಿ ಕುಳಿತಾಗ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ರುಚಿಯ ಅಡಿಪಾಯವನ್ನು ಹಾಕಿದವರು ಅದನ್ನು ತಿಂದಿದ್ದಾರೆಯೆ? ಪ್ರಪಂಚದ ಕೋಕೋದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳಿಂದ ಬರುತ್ತದೆ. ಬೆಳೆಯುವವರು ಬಹುಮಟ್ಟಿಗೆ ಸಣ್ಣ ಹಿಡುವಳಿಯ ಬಡ ರೈತರು. ಆಳಿಗೆ ಕೂಲಿ ಕೊಡಲಾರದವರು ತಮ್ಮ ಮಕ್ಕಳನ್ನೇ ತೋಟಕ್ಕೆ ಕರೆದೊಯ್ಯುತ್ತಾರೆ. ಶಿಕಾಗೋ ವಿಶ್ವವಿದ್ಯಾನಿಲಯದ ಒಂದು ಸಂಶೋಧನಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2018–19ರಲ್ಲಿ ಆ ಎರಡು ದೇಶಗಳ ಕೋಕೋ ಸೀಮೆಗಳಲ್ಲಿ 15 ಲಕ್ಷ 60 ಸಾವಿರ ಮಕ್ಕಳು ಕೋಕೋ ಬೆಳೆಯ ಬಾಲಕಾರ್ಮಿಕರಾಗಿದ್ದರು. ಉದ್ದನೆಯ ಮಚ್ಚಿನಿಂದ ಕಾಯಿ ಒಡೆಯುವುದು, ತಮ್ಮ ವಯಸ್ಸಿಗೆ ಮೀರಿದ ಹೊರೆ ಹೊರುವುದು ಅವರ ಕೆಲಸಗಳಲ್ಲಿ ಸೇರಿವೆ. ಅವರಲ್ಲಿ ನಿಮ್ಮ ತರಗತಿಯ ವಯಸ್ಸಿನವರೂ ಇದ್ದರು.

ಚಾಕೊಲೇಟನ್ನು ಬಿಟ್ಟುಬಿಡಿರೆಂದು ನಾನು ಹೇಳುವುದಿಲ್ಲ. ಕೊಳ್ಳುವವರೆಲ್ಲ ನಿಲ್ಲಿಸಿದರೆ ಆ ರೈತನ ಬಡತನ ಕಡಿಮೆಯಾಗುವುದೆಂದು ನನಗೆ ತೋರುವುದಿಲ್ಲ. ಆದರೆ ಬಾಯಿಯಲ್ಲಿ ಬಿಲ್ಲೆ ಕರಗುವ ಆ ಒಂದು ನಿಮಿಷದಲ್ಲಿ ಕಾಯಿ ಒಡೆದ ಕೈ ಯಾರದೆಂದು ಕೇಳುವುದಕ್ಕೆ ಧಾರಾಳವಾಗಿ ಸಮಯವಿದೆ.

ದೀಪಾವಳಿಯ ರಜೆಗೆ ಊರಿಗೆ ಹೋದ ಆ ಹುಡುಗಿ ಅಜ್ಜಿಯ ತೋಟದಿಂದ ಎರಡು ಹಣ್ಣುಗಳನ್ನು ತಂದಳು. ತರಗತಿಯಲ್ಲಿ ಅವನ್ನು ಒಡೆದೆವು. ಒಬ್ಬೊಬ್ಬರಿಗೆ ಒಂದೊಂದು ತೊಳೆ. ಲಿಚಿ ಹಣ್ಣಿನಂತಿದೆಯೆಂದು ಕೆಲವರು, ಸೀತಾಫಲದಂತಿದೆಯೆಂದು ಕೆಲವರು ವಾದಿಸಿದರು. ನಾನು ಸೀತಾಫಲದ ಪಕ್ಷ. ಉಳಿದ ಬೀಜಗಳನ್ನು ಡಬ್ಬಿಯಲ್ಲಿಟ್ಟು ಬಾಳೆಯೆಲೆ ಮುಚ್ಚಿದೆವು. ಮೂರನೆಯ ದಿನ ಹುಳಿವಾಸನೆ ಬಂದಿತು; ಎಲ್ಲರೂ ಹಿಗ್ಗಿದರು. ಐದನೆಯ ದಿನ ತೆಗೆದು ನೋಡಿದರೆ ನಿಜವಾದ ಬೂಷ್ಟು! ಮೂವತ್ತು ಬೀಜಗಳ ರಾಶಿ ತನ್ನ ಕಾವನ್ನು ತಾನೇ ಉಳಿಸಿಕೊಳ್ಳಲಾರದು. ಅದಕ್ಕೆ ದೊಡ್ಡ ರಾಶಿಯೇ ಬೇಕು.

ಆದರೆ ಹಣ್ಣು ಒಡೆದ ದಿನವೇ ಮೂರು ಬೀಜಗಳನ್ನು ತೆಗೆದು ಒಂದು ಕುಂಡದಲ್ಲಿ ಊರಿದ್ದೆವು. ಕೋಕೋ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಸಿಯಾಗಿಯೇ ಊರಬೇಕು. ಮೂರರಲ್ಲಿ ಎರಡು ಮೊಳೆತವು. ಒಂದನ್ನು ಬೆಕ್ಕು ಬೀಳಿಸಿತು. ಇನ್ನೊಂದು ಹಿಂದಿನ ಮೆಟ್ಟಿಲಿನ ನೆರಳಿನಲ್ಲಿದೆ. ಈ ಸಾಲುಗಳನ್ನು ಬರೆಯುವ ದಿನ ಅದಕ್ಕೆ ಏಳು ಎಲೆಗಳು. ನಕಾಶೆಯನ್ನು ತೆರೆದು ನೋಡಿ: ಮುಂಬಯಿ ಇರುವುದು 19ನೆಯ ಅಕ್ಷಾಂಶದಲ್ಲಿ, ಕೋಕೋ ಸೀಮೆಯ ಗಡಿಯೊಳಗೆ, ಒಂದೇ ಒಂದು ಡಿಗ್ರಿಯ ಅಂತರದಲ್ಲಿ. ಅದಕ್ಕೆ ನೀರು ಹಾಕುವವರ ಪಟ್ಟಿಯನ್ನು ಏಳನೆಯ ತರಗತಿಯ ಬಾಗಿಲಿಗೆ ಅಂಟಿಸಲಾಗಿದೆ.